"ಮಾತ್ರೆ ಕೊಟ್ಟಿದ್ದು ನಾನೇ ಮೇಡಂ"

ಬಿ.ಫಾರ್ಮ ಸೇರಿದ ಮಕ್ಕಳು ಮೊದಲ ರಜೆಗೆ ಊರಿಗೆ ಹೋಗುವಷ್ಟರಲ್ಲಿ ಮನೆಯವರ ಪಾಲಿಗೆ ಅರ್ಧ ಡಾಕ್ಟರ್ ಆಗಿಬಿಟ್ಟಿರುತ್ತಾರೆ. "ಇದು ಯಾತರ ಮಾತ್ರೆ ನೋಡು", "ಸೊಂಟ ನೋವಿಗೆ ಏನಾದ್ರೂ ಕೊಡು" ಅಂತ ಶುರು. ಶಿವಮೊಗ್ಗದಲ್ಲಿ ನನ್ನ ಹತ್ತಿರ ಆಪ್ತ ಸಲಹೆಗೆ ಬರುವ ಫಾರ್ಮಸಿ ವಿದ್ಯಾರ್ಥಿಗಳಲ್ಲಿ ಈ ಭಾರ ಹೊತ್ತವರು ಒಬ್ಬಿಬ್ಬರಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹುಡುಗಿಯದೂ ಅವಳ ಅತ್ತಿಗೆಯದೂ ಒಪ್ಪಿಗೆ ಇದೆ. ಗುರುತು ಸಿಗುವ ವಿವರ ಬದಲಿಸಿದ್ದೇನೆ.

ವಾಣಿ ಅಂತ ಕರೆಯೋಣ. ಹೊಸನಗರದ ಕಡೆಯ ಅಡಿಕೆ ತೋಟದ ಮನೆ, ಎರಡನೇ ಸೆಮಿಸ್ಟರ್. ಕಾಲೇಜಿನವರು ಕಳಿಸಿದ್ದು "ಓದಿನಲ್ಲಿ ಆಸಕ್ತಿ ಇಲ್ಲ" ಅಂತ. ಪ್ರಾಕ್ಟಿಕಲ್ ರೆಕಾರ್ಡ್ ತರಿಸಿ ನೋಡಿದೆ. ಆಸಕ್ತಿ ಇಲ್ಲದವರ ರೆಕಾರ್ಡ್ ಹಾಗಿರಲ್ಲ. ಹಿಂದಿನ ಸೆಮಿಸ್ಟರಿನ ಅಂಗಾಂಶಗಳ ಚಿತ್ರಗಳೆಲ್ಲ ಗುಲಾಬಿ, ನೇರಳೆ ಪೆನ್ಸಿಲಿನಲ್ಲಿ, ಸ್ಲೈಡಿಗೆ ಬಣ್ಣ ಹಿಡಿದ ಹಾಗೇ ಇದ್ದವು. ಮೂಳೆಗೆ ಅಂಟಿದ ಸ್ನಾಯುವಿನ ಜೀವಕೋಶದಲ್ಲಿ ನ್ಯೂಕ್ಲಿಯಸ್ ಅಂಚಿಗೆ ಇರುತ್ತೆ, ಕರುಳಿನ ನಯ ಸ್ನಾಯುವಿನಲ್ಲಿ ನಡುವೆ. ಎಷ್ಟೋ ಮಕ್ಕಳು ಇದನ್ನು ನೋಡುವುದೇ ಇಲ್ಲ, ಸುಮ್ನೆ ಚುಕ್ಕಿ ಇಟ್ಟು ಹೋಗುತ್ತಾರೆ. ಇವಳು ಒಂದೂ ತಪ್ಪಿರಲಿಲ್ಲ. ಈ ಸೆಮಿಸ್ಟರಿನ ರೆಕಾರ್ಡೂ ಒಂದು ಹಂತದವರೆಗೆ ಹಾಗೇ ಇತ್ತು. ಅಂಡಾಶಯದ ಸ್ಲೈಡ್ ಬಂದಲ್ಲಿಂದ ಹಾಳೆ ಖಾಲಿ. ಗರ್ಭ ಪತ್ತೆ ಪರೀಕ್ಷೆಯ ಪ್ರಾಕ್ಟಿಕಲ್‌ಗೆ ತಲೆಬರಹವನ್ನೂ ಬರೆದಿರಲಿಲ್ಲ.

ಕಾರಣ ಹೊರಗೆ ಬರಲು ಸಮಯ ಹಿಡಿಯಿತು. ಮಳೆಗಾಲದ ರಜೆಯಲ್ಲಿ ಊರಿಗೆ ಹೋಗಿದ್ದಾಗ ಬಸುರಿ ಅತ್ತಿಗೆಗೆ ಜ್ವರ, ಮೈಕೈ ನೋವು. ಘಾಟಿ ಮಳೆ, ಕರೆಂಟಿಲ್ಲ, ಫೋನಿಗೆ ನೆಟ್‌ವರ್ಕಿಲ್ಲ. "ನೀನೇ ಓದ್ತಿದೀಯಲ್ಲ, ನೋಡಿ ಕೊಡು" ಅಂದರು ಅಣ್ಣ. ಡಬ್ಬಿಯಲ್ಲಿದ್ದ ಮಾತ್ರೆ ಕೊಟ್ಟಳು. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ಸೇರಿದ್ದು. ಐದನೇ ದಿನ ರಕ್ತ ಕಾಣಿಸಿತು. ಸ್ಕ್ಯಾನ್ ಮಾಡಿಸಿದರೆ ಭ್ರೂಣದ ಎದೆಬಡಿತ ಇಲ್ಲ. ಆಮೇಲೆ ಫೋನಿನಲ್ಲಿ ಆ ಮಾತ್ರೆಯ ಹೆಸರು ಹುಡುಕಿದಳು. "ಗರ್ಭಿಣಿಯರಿಗೆ ಬೇಡ" ಅಂತಿತ್ತು.

ಮನೆಯಲ್ಲಿ ಯಾರೂ ಮಾತ್ರೆಯ ಸುದ್ದಿ ಎತ್ತಲಿಲ್ಲ. ಅಜ್ಜಿ ಪಪ್ಪಾಯಿ ಅಂದರು, ತೋಟದ ಇಳಿಜಾರು ಹತ್ತಿಳಿದದ್ದು ಅಂದರು. ಒಟ್ಟಿನಲ್ಲಿ ಅತ್ತಿಗೆಯೇ ಕಾರಣ ಅಂತಾಯಿತು. ವಾಣಿ ಬಾಯಿ ಬಿಡಲಿಲ್ಲ.

"ಮಾತ್ರೆ ಕೊಟ್ಟಿದ್ದು ನಾನೇ ಮೇಡಂ. ಅದೇ ಪಾಠ ಹೇಗೆ ಓದ್ಲಿ?" ಅಂದಳು.

ಇಲ್ಲಿ "ಅಯ್ಯೋ, ನಿನ್ನ ತಪ್ಪೇನೂ ಇಲ್ಲ" ಅನ್ನುವುದು ಸುಲಭ. ನಾನು ಅನ್ನಲಿಲ್ಲ. ಅತ್ತಿಗೆಯನ್ನು ನೋಡಿದ್ದ ಸ್ತ್ರೀರೋಗ ತಜ್ಞರ ಹತ್ತಿರ ಇವರಿಬ್ಬರೂ ಹೋಗಿ, ಸ್ಕ್ಯಾನ್ ರಿಪೋರ್ಟ್ ಮತ್ತು ಮಾತ್ರೆಯ ಸ್ಟ್ರಿಪ್ ಎರಡನ್ನೂ ತೋರಿಸಬೇಕು ಅಂದೆ. ಅಂದರೆ ಮೊದಲು ಅತ್ತಿಗೆಗೆ ಹೇಳಲೇಬೇಕು. ಹೇಳುವ ಧೈರ್ಯಕ್ಕೆ ಒಂದು ವಾರ ಬೇಕಾಯಿತು. ಅತ್ತಿಗೆಗೆ ಸಿಟ್ಟು ಬಂತಂತೆ. ಮಾತ್ರೆಗಿಂತ ಜಾಸ್ತಿ, ಅಜ್ಜಿ ಬೈಯುವಾಗ ಸುಮ್ಮನಿದ್ದುದಕ್ಕೆ. ಆದರೂ ಜೊತೆಗೆ ಹೋದರು.

ಮುಂದಿನ ಭೇಟಿಗೆ ವಾಣಿ ರಿಪೋರ್ಟ್ ತಂದಿದ್ದಳು. ಡಾಕ್ಟರ್ ಏನಂದರು ಅಂತ ಕೇಳಿದರೆ "ಮಾತ್ರೆಯಿಂದ ಅಲ್ಲ ಅಂದ್ರು, ಸಮಾಧಾನಕ್ಕೆ ಹೇಳಿರ್ತಾರೆ" ಅಂದಳು. ನಾನು ಗೋಡೆಯ ಕ್ಯಾಲೆಂಡರ್ ತೆಗೆದು ಅವಳ ಮುಂದಿಟ್ಟೆ. "ನಿನ್ನ ಪಾಠದ ಪ್ರಕಾರ ಲೆಕ್ಕ ಹಾಕು."

ಅತ್ತಿಗೆಯ ಕೊನೆಯ ಮುಟ್ಟಿನ ದಿನಕ್ಕೆ ಗುರುತು ಹಾಕಿದಳು. ಡಾಕ್ಟರ್ ವಾರ ಎಣಿಸುವುದು ಅಲ್ಲಿಂದ. ಗರ್ಭ ಕಟ್ಟುವುದು ಸುಮಾರು ಎರಡು ವಾರ ಬಿಟ್ಟು, ಹಾಗಾಗಿ ಭ್ರೂಣದ ನಿಜವಾದ ವಯಸ್ಸು ಎರಡು ವಾರ ಕಡಿಮೆ. ಆಮೇಲೆ ತಾನೇ ಹೇಳುತ್ತಾ ಹೋದಳು: ಗರ್ಭ ಕಟ್ಟಿದ ದಿನದಿಂದ ಎಣಿಸಿದರೆ, ಗರ್ಭಕೋಶಕ್ಕೆ ಅಂಟಿಕೊಳ್ಳುವುದು ಆರೇಳನೇ ದಿನ. ಮೂರನೇ ವಾರದಲ್ಲಿ ಮುಂದೆ ಅಂಗಗಳಾಗುವ ಮೂರು ಪದರ: ಎಕ್ಟೋಡರ್ಮ್, ಮೀಸೋಡರ್ಮ್, ಎಂಡೋಡರ್ಮ್. 22ನೇ ದಿನದ ಆಸುಪಾಸಿಗೆ ಹೃದಯ ಬಡಿಯುತ್ತೆ. ಸುಮಾರು 28ನೇ ದಿನಕ್ಕೆ ಮಿದುಳು, ಬೆನ್ನುಹುರಿ ಆಗುವ ನರನಾಳ ಮುಚ್ಚಿಕೊಳ್ಳುತ್ತೆ. ಓದೇ ಇಲ್ಲ ಅಂದವಳಿಗೆ ಎಲ್ಲಾ ಬರುತ್ತಿತ್ತು.

ಸ್ಕ್ಯಾನಿನ ದಿನಕ್ಕೆ ಮುಟ್ಟಿನ ಲೆಕ್ಕದಲ್ಲಿ ಹತ್ತು ವಾರ. ರಿಪೋರ್ಟಿನಲ್ಲಿ ಭ್ರೂಣದ ಅಳತೆ ಏಳು ವಾರದ್ದು. ಮಾತ್ರೆ ಕೊಟ್ಟದ್ದು ಒಂಬತ್ತು ವಾರ ದಾಟಿದ ಮೇಲೆ. ಪೆನ್ನು ಆ ಚೌಕದ ಮೇಲೇ ನಿಂತಿತು.

"ಅಷ್ಟೊತ್ತಿಗೆ ಬೆಳವಣಿಗೆ ನಿಂತೇ ಎರಡು ವಾರ ಆಗಿತ್ತಾ ಮೇಡಂ?"

"ರಿಪೋರ್ಟ್ ನಿನ್ನ ಕೈಲಿದೆ, ನೀನೇ ಹೇಳು" ಅಂದೆ.

ಜೊತೆಗೆ ಇನ್ನೊಂದು ಮಾತನ್ನೂ ಹೇಳಿದೆ. ಕೇಳದೆ ಮಾತ್ರೆ ಕೊಟ್ಟದ್ದು ತಪ್ಪೇ. ಆ ತಪ್ಪಿನಿಂದ ಗರ್ಭ ಹೋಗಲಿಲ್ಲ. ಎರಡನ್ನೂ ಬೇರೆ ಬೇರೆ ಇಟ್ಟುಕೋ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ವರ್ಣತಂತುಗಳ ಲೆಕ್ಕ ತಪ್ಪಿರುವುದು. ಪಪ್ಪಾಯಿಯನ್ನೋ ತೋಟದ ದಾರಿಯನ್ನೋ ಬೈದು ಏನು ಬಂತು?

ಇದನ್ನು ಹೇಳಿದಾಗ ಇಬ್ಬರು ಸಹೋದ್ಯೋಗಿಗಳು ಒಪ್ಪಲಿಲ್ಲ. ಅಳುವ ಹುಡುಗಿಗೆ ಅನಾಟಮಿ ಪಾಠ ಮಾಡಿಸಿದೆ ಅಂದರು. ಲೆಕ್ಕ ತಿರುಗಾಮುರುಗಾ ಬಂದಿದ್ದರೆ ಅಂತಲೂ ಕೇಳಿದರು. ಅದಕ್ಕೇ ಡಾಕ್ಟರ ಹತ್ತಿರ ಮೊದಲು ಕಳಿಸಿದ್ದು. ನನ್ನ ಬಾಯಿಮಾತಿನ ಸಮಾಧಾನ ಹಾಸ್ಟೆಲ್ ಮುಟ್ಟುವವರೆಗೂ ಉಳಿಯುತ್ತಿರಲಿಲ್ಲ. ಮುಂದೆ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು ಅವಳು, ಈ ಪಾಠಕ್ಕೆ ಹೆದರಿ ಬದುಕಲು ಆಗಲ್ಲ, ಅಲ್ವಾ? ಇವತ್ತಿಗೂ ಅದೇ ಸಲಹೆ ಕೊಡುತ್ತೇನೆ.

ವಾಣಿಯಂಥ ಬೇರೆ ಮಕ್ಕಳಿಗೆ ಹೇಳುವುದಿದೆ. ಈ ಅಧ್ಯಾಯವನ್ನು ಹೆಸರುಗಳ ಪಟ್ಟಿ ಮಾಡಿ ಬಾಯಿಪಾಠ ಹೊಡೆಯಬೇಡಿ, ದಿನಗಳ ಮೇಲೆ ಇಟ್ಟು ಓದಿ. ಬಸುರಿಯರು ವಾಂತಿಗೂ ತೆಗೆದುಕೊಳ್ಳುತ್ತಿದ್ದ ಥಾಲಿಡೊಮೈಡ್ ಅನ್ನುವ ನಿದ್ದೆ ಮಾತ್ರೆ ಪಶ್ಚಿಮ ಜರ್ಮನಿಯಲ್ಲಿ 1957ರಲ್ಲಿ ಮಾರಾಟಕ್ಕೆ ಬಂದು 1961ರಲ್ಲಿ ಹಿಂದೆ ಸರಿಯುವಷ್ಟರಲ್ಲಿ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. ಅದು ಹೊಡೆತ ಕೊಟ್ಟದ್ದು ಗರ್ಭ ಕಟ್ಟಿದ ಸುಮಾರು 20ರಿಂದ 36ನೇ ದಿನದೊಳಗೆ. ಐಬುಪ್ರೊಫೆನ್‌ನ ದೊಡ್ಡ ಭಯ ಇರುವುದು 20 ವಾರದ ನಂತರ, ಮಗುವಿನ ಮೂತ್ರಪಿಂಡಕ್ಕೆ, ಇನ್ನೂ ಮುಂದೆ ಹೋದರೆ ಹೃದಯದ ಹತ್ತಿರದ ಒಂದು ರಕ್ತನಾಳಕ್ಕೆ. ಹಾಗಂತ ಮೊದಲ ತಿಂಗಳುಗಳಲ್ಲಿ ಕೊಡಬಹುದು ಅಂತಲ್ಲ, ಡಾಕ್ಟರನ್ನು ಕೇಳದೆ ಬೇಡವೇ ಬೇಡ. ಫೋಲಿಕ್ ಆಸಿಡ್ಡನ್ನು ಗರ್ಭಕ್ಕೆ ಮೊದಲೇ ಶುರು ಮಾಡಿ ಅನ್ನುವುದೂ ನರನಾಳ ಮುಚ್ಚುವ ಆ 28ನೇ ದಿನದ ಕಾರಣಕ್ಕೇ. ಎಷ್ಟೋ ಹೆಂಗಸರಿಗೆ ಅಷ್ಟರಲ್ಲಿ ಬಸುರಿ ಅಂತಲೇ ಗೊತ್ತಾಗಿರಲ್ಲ.

ಮನೆಯಲ್ಲಿ ಮಾತ್ರೆ ಕೇಳಿದರೆ "ನಾನಿನ್ನೂ ಕಲೀತಿದೀನಿ, ಡಾಕ್ಟರಿಗೆ ಫೋನ್ ಮಾಡೋಣ" ಅನ್ನಿ. ನೆಟ್‌ವರ್ಕ್ ಸಿಗುವ ಗುಡ್ಡದವರೆಗೆ ನಡೆಯಬೇಕಾದರೂ ಸರಿ. ಆಶಾ ಕಾರ್ಯಕರ್ತೆಯ ಮನೆ ಹತ್ತಿರವಿದ್ದರೆ ಅಲ್ಲಿಗೆ ಹೋಗಿ. ಆಗಿಹೋದದ್ದು ಮನಸ್ಸಿನಲ್ಲಿ ಕೊರೆಯುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.