ಹೆಬ್ಬೆರಳಿನಲ್ಲಿ ಸ್ಟಿಯರಿಂಗ್

ಪ್ರಶ್ನೆ: ಹನ್ನೆರಡು ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಒಂದು ಗೀರೂ ಬಿದ್ದಿಲ್ಲ. ಆದರೆ ಮಗನ ಪ್ಲೇಸ್ಟೇಷನ್‌ನಲ್ಲಿ ಗ್ರ್ಯಾನ್ ಟುರಿಸ್ಮೊ 7 ಎಂಬ ಕಾರ್ ರೇಸ್ ಗೇಮ್ ಹಾಕಿ, ‘ನಿಜವಾದ ಹಾಗೆ ಓಡಿಸೋಣ’ ಎಂದು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವುದು), ಟ್ರ್ಯಾಕ್ಷನ್ ಕಂಟ್ರೋಲ್ (ಎಂಜಿನ್ ನೂಕಿದಾಗ ಚಕ್ರ ಜಾರದಂತೆ ತಡೆಯುವುದು) ಎಲ್ಲ ಆಫ್ ಮಾಡಿದರೆ ಟೊಯೊಟಾ 86 ಪ್ರತಿ ತಿರುವಿನಲ್ಲೂ ಬುಗುರಿಯಾಗುತ್ತದೆ. ಮಗ ಬಿದ್ದು ಬಿದ್ದು ನಗುತ್ತಾನೆ. ತಪ್ಪು ಗೇಮಿನದೋ, ನನ್ನದೋ?
– ಓದುಗರು, ದಾವಣಗೆರೆ

ಉತ್ತರ: ಮೊದಲು ಎಬಿಎಸ್ ಆನ್ ಮಾಡಿ ಸ್ವಾಮಿ. ಈಗ ಷೋರೂಮಿನಿಂದ ಇಳಿಯುವ ಕಾರಿಗೆಲ್ಲ ಅದು ಇರುತ್ತದೆ. ಇರುವುದನ್ನು ಕಿತ್ತುಹಾಕಿದರೆ ಅದು ‘ನಿಜವಾದ ಹಾಗೆ’ ಹೇಗಾಯಿತು?

ಮೈಸೂರಿನಲ್ಲಿ ಇಪ್ಪತ್ತೆರಡು ವರ್ಷ ಡ್ರೈವಿಂಗ್ ಕಲಿಸಿದವನು ನಾನು. ಪಕ್ಕದ ಸೀಟು, ಕಾಲಡಿ ನನ್ನದೇ ಇನ್ನೊಂದು ಬ್ರೇಕು. ಕಲಿಯುವವರು ತಪ್ಪು ಮಾಡುವುದು ನನಗೆ ಮೊದಲು ಗೊತ್ತಾಗುತ್ತಿದ್ದದ್ದು ಕಣ್ಣಿನಿಂದಲ್ಲ, ಕೂತ ಜಾಗದಿಂದ. ಹಿಂದಿನ ಚಕ್ರ ಒಂದು ಗೇಣು ಜಾರಿದರೂ ಸೊಂಟಕ್ಕೆ ಸುದ್ದಿ ಮುಟ್ಟುತ್ತದೆ. ನೀವೀಗ ಕೂತಿರುವುದು ಸೋಫಾದ ಮೇಲೆ. ಸೋಫಾ ಏನೂ ಹೇಳುವುದಿಲ್ಲ. ಟಿವಿಯಲ್ಲಿ ಚಿತ್ರ ತಿರುಗಿದ ಮೇಲೆ ನಿಮಗೆ ಗೊತ್ತಾಗುತ್ತದೆ, ಅಷ್ಟೊತ್ತಿಗೆ ಕಾರು ಹುಲ್ಲಿನಲ್ಲಿ. ನಿಮ್ಮ ಹನ್ನೆರಡು ವರ್ಷದ ಅನುಭವದಲ್ಲಿ ಅರ್ಧ ಹೀಗೆ ಸುಮ್ಮನೆ ಕೂತುಬಿಡುತ್ತದೆ.

ಇನ್ನರ್ಧ ಕೆಡುವುದು ಹೆಬ್ಬೆರಳಿನಿಂದ. ಕಾರಿನ ಸ್ಟಿಯರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಲು ಸುಮಾರು ಮೂರು ಸುತ್ತು ಬೇಕು. ಕಂಟ್ರೋಲರ್‌ನ (ನಮ್ಮ ಮನೆಯಲ್ಲಿ ಅದಕ್ಕೆ ‘ರಿಮೋಟ್’ ಅಂತಲೇ ಹೆಸರು) ಕಡ್ಡಿ ನಡುವಿನಿಂದ ಅಂಚಿಗೆ ಹೋಗುವುದು ಒಂದು ಸೆಂಟಿಮೀಟರ್ ಆಸುಪಾಸು. ಆ ಮೂರು ಸುತ್ತನ್ನೂ ಅಷ್ಟರಲ್ಲೇ ತುರುಕಬೇಕು. ಅದಕ್ಕೇ ಬಹುತೇಕ ಗೇಮುಗಳು ಒಳಗೊಳಗೇ ನಿಮ್ಮ ಬೆರಳನ್ನು ತಿದ್ದುತ್ತವೆ: ಕಡ್ಡಿ ತಟ್ಟನೆ ಅಂಚಿಗೆ ಹೋದರೂ ಚಕ್ರ ನಿಧಾನಕ್ಕೆ ತಿರುಗುತ್ತದೆ, ವೇಗ ಹೆಚ್ಚಿದಷ್ಟೂ ಕಡಿಮೆ ತಿರುಗುತ್ತದೆ. ಹೀಗೆ ತಿದ್ದಿದರೂ ಹೊಸಬರು ಕಡ್ಡಿಯನ್ನು ಅಂಚಿಗೇ ಒತ್ತಿ ಹಿಡಿದಿರುತ್ತಾರೆ. ಸ್ವಲ್ಪ ವಾಲಿಸಿ ನೋಡಿ, ಸಾಕಾಗುತ್ತದೆ.

ಟೈರಿನ ಹಿಡಿತವನ್ನು ತಿಂಗಳ ಸಂಬಳ ಅಂದುಕೊಳ್ಳಿ. ಬ್ರೇಕಿಗೇ ಪೂರ್ತಿ ಖರ್ಚು ಮಾಡಿದರೆ ತಿರುಗಲು ಕಾಸು ಉಳಿಯುವುದಿಲ್ಲ, ಕಾರು ಮೂಗು ಮುಂದೆ ಮಾಡಿಕೊಂಡು ನೆಟ್ಟಗೆ ಹೋಗುತ್ತದೆ. ನಿಮ್ಮದು ಅದರ ಮುಂದಿನ ಕಂತು. ಟೊಯೊಟಾ 86ರಲ್ಲಿ ಎಂಜಿನ್ ನೂಕುವುದು ಹಿಂದಿನ ಚಕ್ರವನ್ನು. ತಿರುವಿನ ನಡುವೆ ಆರ್2 (ಆಕ್ಸಿಲರೇಟರ್ ಗುಂಡಿ) ಪೂರ್ತಿ ಒತ್ತಿದರೆ ಹಿಂದಿನ ಟೈರಿನ ಸಂಬಳ ಅಲ್ಲೇ ಖಾಲಿ. ಅದೇ ನಿಮ್ಮ ಬುಗುರಿ.

86 ಸದ್ಯಕ್ಕೆ ಪಕ್ಕಕ್ಕಿಡಿ. ಆಟದ ಶುರುವಿನಲ್ಲೇ ಸಿಗುವ ಹೋಂಡಾ ಫಿಟ್ ತೆಗೆದುಕೊಳ್ಳಿ. ನಮ್ಮಲ್ಲಿ ಜಾಜ್ ಎಂದು ಮಾರುತ್ತಿದ್ದರಲ್ಲ, ಅದೇ. ಜಪಾನಿನ ಟ್ಸುಕುಬಾ ಟ್ರ್ಯಾಕಿಗೆ ಹೋಗಿ, ಸುತ್ತು ಎರಡು ಕಿಲೋಮೀಟರ್ ಚಿಲ್ಲರೆ. ಟ್ರ್ಯಾಕ್ಷನ್ ಕಂಟ್ರೋಲ್ 2ರಲ್ಲಿಡಿ. ನೇರ ದಾರಿಯಲ್ಲೇ ಎಲ್2 (ಬ್ರೇಕ್ ಗುಂಡಿ) ಗಟ್ಟಿಯಾಗಿ ಒತ್ತಿ. ಪಿಎಸ್5 ಕಂಟ್ರೋಲರ್ ಆದರೆ ಗುಂಡಿ ಬೆರಳಿಗೆ ಎದುರು ನಿಲ್ಲುತ್ತದೆ. ಕಡ್ಡಿ ವಾಲಿಸಲು ಶುರುಮಾಡಿದ ಹಾಗೇ ಎಲ್2 ಸಡಿಲಿಸುತ್ತಾ ಬನ್ನಿ, ಎರಡು ಬೆರಳಿಗೂ ಒಂದೇ ದಾರ ಕಟ್ಟಿದಂತೆ. ಹೊರಬರುವಾಗ ಕಡ್ಡಿ ನಡುವಿಗೆ ಎಷ್ಟು ಮರಳಿತೋ ಅಷ್ಟೇ ಆರ್2. ಇದೊಂದು ಕೈಗೆ ಕೂರಲಿ, ಆಮೇಲೆ 86.

ಇನ್ನೊಂದು ಮಾತು: ಟಿವಿಯಲ್ಲಿ 120 ಕಣ್ಣಿಗೆ 60ರಂತೆ ಕಾಣುತ್ತದೆ. ಕಣ್ಣನ್ನು ನಂಬಬೇಡಿ, ಮೀಟರ್ ನೋಡಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಇದಕ್ಕೆ ಮಾತ್ರ ಗೇಮೂ ಒಂದೇ, ದಾವಣಗೆರೆ ಬೈಪಾಸೂ ಒಂದೇ.

ಪ್ರಶ್ನೆ: ಸ್ಟಿಯರಿಂಗ್, ಪೆಡಲ್ ಸೆಟ್ ಕೊಂಡರೆ ನಿಜವಾದ ಅನುಭವ ಬರುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಬರುತ್ತದೆ, ಮನೆಯವರು ಒಪ್ಪಿದರೆ. ನಾನು ತಂದದ್ದು ಲಾಜಿಟೆಕ್ ಜಿ29, 900 ಡಿಗ್ರಿ ತಿರುಗುತ್ತದೆ, ಎಂದರೆ ಎರಡೂವರೆ ಸುತ್ತು. ಒಳಗಿನ ಮೋಟಾರು ಕೈಗೆ ಎದುರು ಎಳೆಯುತ್ತದೆ. ಮುಂದಿನ ಟೈರು ಹಿಡಿತ ಬಿಟ್ಟಾಗ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಸೊಂಟಕ್ಕೆ ಸಿಗದ ಸುದ್ದಿ ಅಂಗೈಗಾದರೂ ಸಿಕ್ಕಿತಲ್ಲ ಎಂದು ಮೊದಲ ದಿನ ಹಿಗ್ಗಿದೆ.

ಆದರೆ ನಮ್ಮದು ರೆಡ್ ಆಕ್ಸೈಡ್ ನೆಲ. ಇದರ ಬ್ರೇಕ್ ಪೆಡಲ್ ಬಲು ಬಿಗಿ. ಒತ್ತಿದರೆ ಪೆಡಲ್ ಸೆಟ್ಟೇ ಟಿವಿ ಸ್ಟ್ಯಾಂಡಿನ ಕಡೆ ಜಾರಿತು, ನಾನು ಕೂತಿದ್ದ ಗಾಲಿ ಕುರ್ಚಿ ಅಡುಗೆಮನೆ ಕಡೆ ಉರುಳಿತು. ‘ನೀವು ಇಷ್ಟು ವರ್ಷ ಬೇರೆಯವರಿಗೆ ಕಲಿಸಿದ್ದು ಇದನ್ನೇನಾ?’ ಎಂದಳು ಹೆಂಡತಿ. ಈಗ ಪೆಡಲ್ ಹಿಂದೆ ಗೋಡೆಗೆ ಆನಿಸಿದ ಮಣೆ, ಅಡಿಯಲ್ಲಿ ಬಚ್ಚಲಿನ ರಬ್ಬರ್ ಮ್ಯಾಟ್, ಕೂರಲು ನಾಲ್ಕು ಕಾಲಿನ ಮರದ ಕುರ್ಚಿ.

ಕೊಳ್ಳುವ ಮುಂಚೆ ಇಷ್ಟು ನೋಡಿ: ಜಿ29 ಪ್ಲೇಸ್ಟೇಷನ್‌ಗೆ, ಎಕ್ಸ್‌ಬಾಕ್ಸ್ ಇದ್ದರೆ ಜಿ920. ಸೆಕೆಂಡ್ ಹ್ಯಾಂಡ್ ತರುವವರು ಎಡವುವುದು ಇಲ್ಲೇ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ‘ಗೇಮ್ ಮೋಡ್’ ಇದ್ದರೆ ಅದನ್ನೂ ಆನ್ ಮಾಡಿ. ಇಲ್ಲದಿದ್ದರೆ ನೀವು ತಿರುಗಿಸಿದ್ದು ತೆರೆಯ ಮೇಲೆ ತಡವಾಗಿ ಕಾಣುತ್ತದೆ, ಬೈಗುಳ ಮಾತ್ರ ಸ್ಟಿಯರಿಂಗಿಗೆ. ಇದಕ್ಕೆ ಖರ್ಚೇ ಇಲ್ಲ, ಆದ್ದರಿಂದ ಯಾರೂ ಮಾಡುವುದಿಲ್ಲ.

ಪ್ರಶ್ನೆ: ನನಗೆ ಹದಿನೇಳು. ಗೇಮಿನಲ್ಲಿ ಲೈಸೆನ್ಸ್ ಟೆಸ್ಟ್ ಎಲ್ಲ ಗೋಲ್ಡ್. ಗೇಮ್ ಆಡಿಯೇ ರೇಸರ್ ಆದವರಿದ್ದಾರಂತೆ. ನಾನು ಡ್ರೈವಿಂಗ್ ಸ್ಕೂಲಿಗೆ ಹೋಗಲೇಬೇಕಾ?
– ಓದುಗ, ಹಾಸನ

ಉತ್ತರ: ಆದವರಿದ್ದಾರೆ ಮರಿ. ಗ್ರ್ಯಾನ್ ಟುರಿಸ್ಮೊ ಆಡುವವರಿಗೇ ನಡೆಸುತ್ತಿದ್ದ ಜಿಟಿ ಅಕಾಡೆಮಿ ಎಂಬ ಸ್ಪರ್ಧೆಯಲ್ಲಿ 2008ರಲ್ಲಿ ಗೆದ್ದ ಸ್ಪೇನಿನ ಲೂಕಾಸ್ ಓರ್ಡೊನೆಜ್, 2011ರಲ್ಲಿ ಗೆದ್ದ ಬ್ರಿಟನ್ನಿನ ಜಾನ್ ಮಾರ್ಡನ್‌ಬರೋ ಇಬ್ಬರೂ ಮುಂದೆ ಫ್ರಾನ್ಸಿನ ಲ ಮಾನ್‌ನ 24 ಗಂಟೆಗಳ ರೇಸಿನಲ್ಲೇ ಓಡಿಸಿದರು. ಆದರೆ ಅವರನ್ನೂ ಸೋಫಾದಿಂದ ಎಬ್ಬಿಸಿ ಸೀದಾ ಅಲ್ಲಿಗೆ ಕಳಿಸಲಿಲ್ಲ. ನಿಜವಾದ ಕಾರಿನಲ್ಲಿ ಕೂರಿಸಿ ತರಬೇತಿ ಕೊಟ್ಟರು, ಸಣ್ಣ ರೇಸುಗಳಲ್ಲಿ ಓಡಿಸಿದರು.

ತಿರುವಿಗೆ ಮುಂಚೆ ಬ್ರೇಕ್, ದೂರಕ್ಕೆ ದೃಷ್ಟಿ, ಇವು ನಿನಗೆ ಆಗಲೇ ಬಂದಿರುತ್ತವೆ, ನಿನ್ನ ಮೇಷ್ಟರ ಕೆಲಸ ಅಷ್ಟು ಹಗುರ. ಬಾರದೇ ಇರುವುದು ಹಾಫ್ ಕ್ಲಚ್. ಏರಿನಲ್ಲಿ ನಿಂತ ಕಾರು ಹಿಂದಿನ ಸ್ಕೂಟರಿಗೆ ತಾಗದ ಹಾಗೆ ಮುಂದೆ ಎತ್ತುವುದನ್ನು ಯಾವ ಕನ್ಸೋಲೂ ನನಗೆ ತೋರಿಸಿಲ್ಲ. ಹದಿನೆಂಟು ತುಂಬಿದ ಮೇಲೆ ಎಲ್ಎಲ್ ಮಾಡಿಸು. ಮೊದಲ ದಿನ ಮೇಷ್ಟರಿಗೆ ಗೋಲ್ಡ್ ವಿಷಯ ಹೇಳಬೇಡ.