ರಾಜ್ಯಶಾಸ್ತ್ರದ ಪ್ರೊಫೆಸರ್‌ಗೆ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಹೇಗೆ?

ನೀವು ಎಂ.ಎ. ಓದುತ್ತಿದ್ದೀರಿ, ಅರ್ಥಶಾಸ್ತ್ರದ ನೊಬೆಲ್ ಪಡೆದ ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನರ್ ಆಸ್ಟ್ರಮ್ ಅವರ ಬದುಕು, ಸಂಶೋಧನೆ ಎರಡರ ಬಗ್ಗೆಯೂ ತಿಳಿಸಿ ಎಂದು ಕೇಳಿದ್ದೀರಿ. ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಪಾಠ ಮಾಡುವ ನನಗೆ ಇವರಷ್ಟು ಇಷ್ಟವಾದ ವಿದ್ವಾಂಸರು ಇನ್ನೊಬ್ಬರಿಲ್ಲ.

ಹುಟ್ಟಿದ್ದು 1933ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅರ್ಥಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಬೇಕೆಂದಿದ್ದರು. ಹೈಸ್ಕೂಲಿನಲ್ಲಿ ಹುಡುಗಿಯರಿಗೆ ತ್ರಿಕೋನಮಿತಿ ಯಾಕೆ ಅನ್ನುತ್ತಿದ್ದ ಕಾಲ ಅದು. ಗಣಿತ ಸಾಲದೆಂದು ಸೀಟು ಸಿಗಲಿಲ್ಲ. ರಾಜ್ಯಶಾಸ್ತ್ರಕ್ಕೆ ಬಂದರು. ಅಲ್ಲಿನ ಒಂದು ಸೆಮಿನಾರಿನಲ್ಲಿ ಅವರ ಪಾಲಿಗೆ ಬಂದ ವಿಷಯ ಲಾಸ್ ಏಂಜಲೀಸ್ ಕರಾವಳಿಯ ವೆಸ್ಟ್ ಬೇಸಿನ್ ಎಂಬ ಪ್ರದೇಶದ ಅಂತರ್ಜಲ. ಎಲ್ಲರೂ ಪಂಪು ಇಟ್ಟು ನೀರೆತ್ತಿದ್ದರಿಂದ ಸಮುದ್ರದ ಉಪ್ಪುನೀರು ಒಳಗೆ ನುಗ್ಗುತ್ತಿತ್ತು. ಕೊನೆಗೆ ನೀರೆತ್ತುವವರೇ ಸಂಘ ಕಟ್ಟಿಕೊಂಡು, ಕೋರ್ಟಿನ ಮೂಲಕ ತಮ್ಮ ತಮ್ಮ ಪಾಲಿಗೆ ಮಿತಿ ಹಾಕಿಕೊಂಡರು. ಇದನ್ನೇ ಅಧ್ಯಯನ ಮಾಡಿ 1965ರಲ್ಲಿ ಪಿಎಚ್‌.ಡಿ. ಪಡೆದರು. ಆ ಸೆಮಿನಾರ್ ನಡೆಸುತ್ತಿದ್ದ ವಿನ್ಸೆಂಟ್ ಆಸ್ಟ್ರಮ್ ಅಷ್ಟರಲ್ಲಿ ಅವರ ಗಂಡನಾಗಿದ್ದರು.

ವಿನ್ಸೆಂಟ್‌ಗೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಎಲಿನರ್‌ಗೆ ದಕ್ಕಿದ್ದು ಬೆಳಿಗ್ಗೆ ಏಳೂವರೆಯ ಕ್ಲಾಸು, ಅದೂ ಶನಿವಾರವೂ ಸೇರಿ. ಅಲ್ಲಿಂದಲೇ ಬೆಳೆದು 1973ರಲ್ಲಿ ಗಂಡನ ಜೊತೆ ಸೇರಿ ಸಂಶೋಧನಾ ಕೇಂದ್ರ ಕಟ್ಟಿದರು. ಮಕ್ಕಳಿರಲಿಲ್ಲ. ಇಬ್ಬರೂ ಮರಗೆಲಸ ಕಲಿತು ಮನೆಯ ಮೇಜು ಕುರ್ಚಿಗಳನ್ನು ತಾವೇ ಮಾಡಿಕೊಂಡಿದ್ದರು.

ಹುಲ್ಲುಗಾವಲು, ಮೀನು, ನೀರಿನಂಥ ಹಂಚಿಕೊಂಡು ಬಳಸುವ ಸಂಪತ್ತು ಹಾಳಾಗಿಯೇ ತೀರುತ್ತದೆ, ಸರ್ಕಾರ ವಹಿಸಿಕೊಳ್ಳಬೇಕು ಇಲ್ಲವೇ ಖಾಸಗಿಯವರಿಗೆ ಕೊಡಬೇಕು ಎಂಬ ವಾದಕ್ಕೆ 1968ರಲ್ಲಿ ಬಂದ, ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಅವರ ಲೇಖನ ದೊಡ್ಡ ಬಲ ಕೊಟ್ಟಿತ್ತು. ಆಸ್ಟ್ರಮ್ ನೂರಾರು ಊರುಗಳ ವಿವರ ಕಲೆಹಾಕಿ, ಹಾಗೇನೂ ಆಗಬೇಕಾಗಿಲ್ಲ, ಬಳಸುವವರೇ ನಿಯಮ ಮಾಡಿಕೊಂಡು ಉಳಿಸಿಕೊಳ್ಳಬಲ್ಲರು ಎಂದು ತೋರಿಸಿದರು. ನನಗೆ ಬಹಳ ಹಿಡಿಸಿದ್ದು ನೇಪಾಳದ ಅಧ್ಯಯನ. ರೈತರೇ ಕಲ್ಲು, ಮಣ್ಣು, ಸೊಪ್ಪುಸದೆ ಹಾಕಿ ಕಟ್ಟಿದ ಒಡ್ಡುಗಳು ಮಳೆಗಾಲದಲ್ಲಿ ಕೊಚ್ಚಿಹೋಗುತ್ತಿದ್ದವು. ಮತ್ತೆ ಕಟ್ಟಲು ಕಾಲುವೆಯ ಮೇಲ್ಭಾಗದವರಿಗೆ ಕೊನೆಭಾಗದವರ ಆಳು ಬೇಕು. ಆಳು ಬೇಕೆಂದರೆ ನೀರು ಬಿಡಲೇಬೇಕು. ಹೊರಗಿನ ದುಡ್ಡಿನಲ್ಲಿ ಕಾಂಕ್ರೀಟ್ ಒಡ್ಡು ಎದ್ದ ಕಡೆ ಈ ಹಂಗು ತಪ್ಪಿತು, ಕೊನೆಭಾಗಕ್ಕೆ ನೀರೂ ಕಡಿಮೆಯಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರು ನೀರಿಗಾಗಿ ಧರಣಿ ಕೂತ ಸುದ್ದಿ ಓದುವವರಿಗೆ ಇದು ಬೇಗ ಅರ್ಥವಾಗುತ್ತದೆ.

2009ರಲ್ಲಿ ಅರ್ಥಶಾಸ್ತ್ರಜ್ಞ ಆಲಿವರ್ ವಿಲಿಯಮ್ಸನ್ ಜೊತೆ ನೊಬೆಲ್ ಬಂತು. ಅರ್ಥಶಾಸ್ತ್ರದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರೇ. 2011ರಲ್ಲಿ ಸಾಮೂಹಿಕ ಸಂಪತ್ತಿನ ಕುರಿತ ಸಮ್ಮೇಳನಕ್ಕೆ ಹೈದರಾಬಾದಿಗೂ ಬಂದಿದ್ದರು. 2012ರ ಜೂನ್ 12ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಅದೇ ತಿಂಗಳು ವಿನ್ಸೆಂಟ್ ಕೂಡ ಹೋದರು.

ಬಳಸುವವರೇ ಸೇರಿ ನಿಭಾಯಿಸಬಲ್ಲರು ಎಂಬ ಅವರ ಚೌಕಟ್ಟನ್ನು ನಮ್ಮ ಕೆರೆಗಳಿಗೆ ಹಾಗೇ ಹೊಂದಿಸಿಬಿಟ್ಟರೆ ಸಾಲದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕೆರೆಯ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದ ನೀರುಗಂಟಿ ಎಷ್ಟೋ ಊರುಗಳಲ್ಲಿ ದಲಿತ. ತೂಬು ಎತ್ತುವ ಕೆಲಸ ಅವನದು, ಸುಗ್ಗಿಯಲ್ಲಿ ಕಾಳಿನ ಪಾಲೂ ಉಂಟು, ಆದರೆ ಯಾರಿಗೆ ಎಷ್ಟು ನೀರು ಎಂದು ತೀರ್ಮಾನಿಸುವಾಗ ಅವನ ಮಾತಿಗೆ ಎಷ್ಟು ಬೆಲೆಯಿತ್ತು? ಸಂಶೋಧನೆಗೆ ವಿಷಯ ಹುಡುಕುತ್ತಿದ್ದರೆ, ನಿಮ್ಮೂರಿನ ಹಿರಿಯ ನೀರುಗಂಟಿಯನ್ನು ಮೊದಲು ಮಾತಾಡಿಸಿ.