ಹೋಂಡಾ ಮಾಡಿದ್ದು ಮೋಸವಾ?

ದಾವಣಗೆರೆಯ ಓದುಗರೊಬ್ಬರ ಪತ್ರ: "ಕಾರು ಕಂಪನಿಗಳು ಫಾರ್ಮುಲಾ ಒನ್‌ಗೆ ಬರುವುದು, ಬೇಡ ಅನಿಸಿದಾಗ ಎದ್ದು ಹೋಗುವುದು, ಇದು ಅಭಿಮಾನಿಗಳಿಗೆ ಮಾಡುವ ಮೋಸ ಅಲ್ವಾ? 2008ರಲ್ಲಿ ಹೋಂಡಾ ಹೋಯಿತು, ಮರುವರ್ಷ ಬಿಎಂಡಬ್ಲ್ಯು ಮತ್ತು ಟೊಯೋಟಾ. ಈಗ ರೆನೋ ಎಂಜಿನ್ ಕೂಡ ಇಲ್ಲ. ಇಂಥವರನ್ನು ಒಳಗೆ ಬಿಡುವುದೇ ತಪ್ಪು. ಹೊಸದಾಗಿ ಬಂದ ಔಡಿಯನ್ನಾದರೂ ನಂಬಬಹುದೇ?"

ಸಂಪಾದಕರ ಉತ್ತರ:

ಸಾರ್, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಮೋಸ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಕಾರು ಕಂಪನಿ ರೇಸಿಗೆ ಇಳಿಯುವುದು ಕಾರು ಮಾರುವುದಕ್ಕೆ. ವ್ಯಾಪಾರ ಬಿದ್ದಾಗ ಮೊದಲು ಕತ್ತರಿ ಬೀಳುವುದೂ ಇಂಥ ಖರ್ಚಿಗೇ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾಗಿ ಯಾಕೆ ಹೋದರು ಅನ್ನುವುದಕ್ಕಿಂತ ಹೇಗೆ ಹೋದರು, ಹಿಂದೆ ಏನು ಉಳಿಸಿ ಹೋದರು ಅಂತ ನೋಡುವವನು ನಾನು. ಆ ಲೆಕ್ಕದಲ್ಲಿ ನೀವು ಬೈದಿರುವ ಮೂರು ಕಂಪನಿಗಳೂ ಒಂದೇ ಅಲ್ಲ.

ಹೋಂಡಾ ನಿರ್ಧಾರ ಪ್ರಕಟಿಸಿದ್ದು 2008ರ ಡಿಸೆಂಬರ್ 5ರಂದು. ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿ ಮೂರು ತಿಂಗಳೂ ಆಗಿರಲಿಲ್ಲ, ಅಮೆರಿಕದಲ್ಲಿ ಕಾರು ಕೊಳ್ಳುವವರೇ ಕಡಿಮೆಯಾಗಿದ್ದರು. ಆ ವರ್ಷ ತಂಡ ಒಂಬತ್ತನೇ ಸ್ಥಾನಕ್ಕೆ ಬಿದ್ದಿತ್ತು ನಿಜ, ಆದರೆ ಅದಕ್ಕೊಂದು ಕಾರಣ ಇತ್ತು: ಆ ಸೀಸನ್ ಕೈಬಿಟ್ಟು, 2009ರ ಹೊಸ ನಿಯಮಕ್ಕೆ ತಕ್ಕ ಕಾರನ್ನು ಅವರು ಬೇಗನೇ ಶುರುಮಾಡಿದ್ದರು. ಬಿಟ್ಟು ಹೋಗುವಾಗ ಇಂಗ್ಲೆಂಡಿನ ಬ್ರಾಕ್ಲಿಯಲ್ಲಿದ್ದ ತಂಡದ ಕಾರ್ಖಾನೆಗೆ ಬೀಗ ಜಡಿಯಲಿಲ್ಲ. ಹೆಸರಿಗೊಂದು ಬೆಲೆ ಕಟ್ಟಿ ತಂಡವನ್ನು ತಂಡದ ಮುಖ್ಯಸ್ಥ ರಾಸ್ ಬ್ರಾನ್ ಕೈಗೆ ಕೊಟ್ಟರು, ಜೊತೆಗೆ ವರ್ಷ ನಡೆಸಲು ದುಡ್ಡನ್ನೂ ಕೊಟ್ಟರು. ಹೋಂಡಾ ಎಂಜಿನ್‌ಗೆಂದು ಮಾಡಿದ್ದ ಚಾಸಿಯ, ಅಂದರೆ ಕಾರಿನ ಮೂಲ ಚೌಕಟ್ಟಿನ, ಹಿಂಭಾಗವನ್ನು ಕತ್ತರಿಸಿ, ಅದರೊಳಗೆ ಮರ್ಸಿಡಿಸ್ ಎಂಜಿನ್ ಕೂರಿಸಿದರು. ಮಾರ್ಚ್‌ನಲ್ಲಿ ಬಾರ್ಸಿಲೋನಾದ ಟೆಸ್ಟಿಂಗ್‌ಗೆ ಆ ಕಾರು ಬಂದಾಗ ಮೈಮೇಲೆ ಸ್ಪಾನ್ಸರ್ ಹೆಸರೇ ಇಲ್ಲ, ಬರೀ ಬಿಳಿ ಬಣ್ಣ, ಒಂದಿಷ್ಟು ಹಳದಿ ಪಟ್ಟಿ. ಅದೇ ಕಾರಿನಲ್ಲಿ ಜೆನ್ಸನ್ ಬಟನ್ ಮೊದಲ ಏಳು ರೇಸುಗಳಲ್ಲಿ ಆರನ್ನು ಗೆದ್ದರು. ವರ್ಷದ ಕೊನೆಗೆ ಡ್ರೈವರ್, ತಂಡ ಎರಡೂ ಚಾಂಪಿಯನ್‌ಶಿಪ್ ಅವರದ್ದೇ. ಉತ್ತು ಬಿತ್ತಿದ್ದು ಹೋಂಡಾ, ಕೊಯ್ದಿದ್ದು ಬೇರೆಯವರು. ಆಮೇಲೆ ಮರ್ಸಿಡಿಸ್ ಆ ತಂಡ ಕೊಂಡಿತು. 2014ರಿಂದ 2021ರವರೆಗೆ ಸತತ ಎಂಟು ಬಾರಿ ಕನ್‌ಸ್ಟ್ರಕ್ಟರ್ಸ್ ಪ್ರಶಸ್ತಿ, ಅಂದರೆ ತಂಡಗಳ ಚಾಂಪಿಯನ್‌ಶಿಪ್, ಬಂದಿದ್ದು ಇದೇ ಬ್ರಾಕ್ಲಿಗೆ. ಆದರೆ ಈ ಕಥೆ ಹೇಳುವವರು ಒಂದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆ ಗೆಲುವಿನ ವರ್ಷದಲ್ಲೇ ತಂಡದ ಸುಮಾರು 270 ಜನ ಕೆಲಸ ಕಳೆದುಕೊಂಡರು. ನಿಮ್ಮ ಸಿಟ್ಟು ಅವರ ಪರವಾಗಿ ಇದ್ದರೆ ನಾನೂ ನಿಮ್ಮ ಜೊತೆ.

ಬಿಎಂಡಬ್ಲ್ಯು ಮೇಲೆ ಮಾತ್ರ ನನಗೂ ಸಿಟ್ಟಿದೆ. 2008ರಲ್ಲಿ ಮಾಂಟ್ರಿಯಲ್‌ನಲ್ಲಿ ಅವರ ಡ್ರೈವರ್ ಕುಬಿಟ್ಸಾ ಗೆದ್ದರು, ಇನ್ನೊಬ್ಬ ಡ್ರೈವರ್ ಹೈಡ್‌ಫೆಲ್ಡ್ ಎರಡನೆಯವರು, ಕುಬಿಟ್ಸಾ ಅಂಕಪಟ್ಟಿಯಲ್ಲೂ ಮೇಲೆ. ಆ ವರ್ಷವೇ ಪ್ರಶಸ್ತಿಗೆ ಕೈಚಾಚುವುದು ಬಿಟ್ಟು, ನಮ್ಮ ಪ್ಲಾನ್ ಇರುವುದು 2009ಕ್ಕೆ ಅಂತ ಮುಂದಿನ ಕಾರಿಗೆ ಗಮನ ಕೊಟ್ಟರು. ಆ ಮುಂದಿನ ಕಾರು ಏನೂ ಮಾಡಲಿಲ್ಲ. 2009ರ ಜುಲೈ 29ಕ್ಕೆ, ಸೀಸನ್ ಇನ್ನೂ ನಡೆಯುತ್ತಿರುವಾಗಲೇ, ಹೊರಡುತ್ತೇವೆ ಎಂದರು. ರೇಸಿನಲ್ಲಿ ಇರಲು ತಂಡಗಳೆಲ್ಲ ಸಹಿ ಹಾಕಬೇಕಿದ್ದ ಕಾಂಕಾರ್ಡ್ ಒಪ್ಪಂದಕ್ಕೂ ಸಹಿ ಹಾಕಲಿಲ್ಲ. ಹಾಗಾಗಿ ಮರುವರ್ಷದ ಜಾಗ ಲೋಟಸ್ ಪಾಲಾಯಿತು, ಸ್ವಿಟ್ಜರ್ಲೆಂಡಿನ ಹಿನ್‌ವಿಲ್‌ನಲ್ಲಿದ್ದ ತಂಡಕ್ಕೆ ರೇಸಿಗೆ ಇಳಿಯುವ ಹಕ್ಕೇ ಇಲ್ಲದಂತಾಯಿತು. ಹಳೆಯ ಮಾಲೀಕ ಪೀಟರ್ ಸೌಬರ್ ಅದನ್ನು ವಾಪಸ್ ಕೊಂಡುಕೊಂಡರು. ಆದರೆ ಅವರಿಗೆ ಜಾಗ ಸಿಕ್ಕಿದ್ದು ಟೊಯೋಟಾ ಖಾಲಿ ಮಾಡಿದ್ದರಿಂದ! ಒಬ್ಬರು ಬಿಟ್ಟಿದ್ದಕ್ಕೆ ಇನ್ನೊಬ್ಬರು ಉಳಿದರು.

ಟೊಯೋಟಾ, ಅಂದರೆ ನಮ್ಮ ಬಿಡದಿಯಲ್ಲಿ ಇನ್ನೋವಾ ಮಾಡುವ ಅದೇ ಕಂಪನಿ, ಎಂಟು ಸೀಸನ್ ಆಡಿ ಒಂದೇ ಒಂದು ರೇಸ್ ಗೆಲ್ಲಲಿಲ್ಲ. ದುಡ್ಡಿಗೇನೂ ಕಡಿಮೆ ಇರಲಿಲ್ಲ. 2009ರ ನವೆಂಬರ್ 4ರಂದು ಟೋಕಿಯೋದ ಪತ್ರಿಕಾಗೋಷ್ಠಿಯಲ್ಲಿ ತಂಡದ ಮುಖ್ಯಸ್ಥ ತದಾಶಿ ಯಮಾಶಿನಾ ಎಲ್ಲರೆದುರೇ ಅತ್ತುಬಿಟ್ಟರು. ಮರುವರ್ಷದ ಟಿಎಫ್110 ಕಾರು ಆಗಲೇ ತಯಾರಾಗುತ್ತಿತ್ತು, ಅದು ಒಂದು ರೇಸನ್ನೂ ಕಾಣಲಿಲ್ಲ. ಹೋಂಡಾ ಮಾಡಿದ ಹಾಗೆ ತಂಡವನ್ನು ಯಾರಿಗಾದರೂ ದಾಟಿಸಿದ್ದರೆ? ಸುಮ್ನೆ ಕೇಳ್ತಿದ್ದೇನೆ.

ಇಂಥವರನ್ನು ಒಳಗೇ ಬಿಡಬಾರದು ಅಂತೀರಿ. ಅದನ್ನೂ ಮಾಡಿ ನೋಡಿದ್ದಾಯಿತು. ಕಂಪನಿಗಳು ಖಾಲಿಯಾಗುತ್ತಿದ್ದ ಹೊತ್ತಿಗೆ, 2010ರಲ್ಲಿ, ಮೂರು ಹೊಸ ಸ್ವತಂತ್ರ ತಂಡಗಳು ಬಂದವು. ನಮ್ಮ ಕರುಣ್ ಚಾಂಡೋಕ್, ನಾರಾಯಣ್ ಕಾರ್ತಿಕೇಯನ್ ಓಡಿಸಿದ ಎಚ್‌ಆರ್‌ಟಿ ಅವುಗಳಲ್ಲೊಂದು. ಅದು 2012ಕ್ಕೆ ಮುಗಿಯಿತು, ಉಳಿದೆರಡೂ ಹೆಸರು ಬದಲಿಸಿಕೊಂಡು ಒದ್ದಾಡಿ 2017ರೊಳಗೆ ಮುಚ್ಚಿದವು. ಸಣ್ಣವರು ಬಿಟ್ಟು ಹೋಗಲ್ಲ, ದಿವಾಳಿಯಾಗುತ್ತಾರೆ, ಅಷ್ಟೇ ವ್ಯತ್ಯಾಸ. ಅದೂ ಅಲ್ಲದೆ ಚಾಸಿ ಮಾಡುವುದು ವಿಲಿಯಮ್ಸ್‌ಗೂ ಬರುತ್ತದೆ, ಮೆಕ್ಲಾರೆನ್‌ಗೂ ಬರುತ್ತದೆ, ಎಂಜಿನ್ ಎಲ್ಲಿಂದ ತರ್ತೀರಿ? 2014ರ ಹೈಬ್ರಿಡ್ (ಇಂಧನದ ಜೊತೆ ವಿದ್ಯುತ್ತೂ ಬಳಸುವ) ಎಂಜಿನ್ ಬಂದ ಮೇಲಂತೂ ಅದು ದೊಡ್ಡ ಕಂಪನಿಗಳ ಕೈಯಲ್ಲಷ್ಟೇ ಆಗುವ ಕೆಲಸವಾಯಿತು. ನನ್ನ ಪ್ರಕಾರ ನಿಜಕ್ಕೂ ಉಪಯೋಗಕ್ಕೆ ಬಂದಿದ್ದು 2021ರ ಖರ್ಚಿನ ಮಿತಿ. ಒಂದು ತಂಡ ವರ್ಷಕ್ಕೆ ಇಷ್ಟೇ ಸುರಿಯಬೇಕು ಅಂತ, ಮೊದಲ ವರ್ಷ 14.5 ಕೋಟಿ ಡಾಲರ್. ಡ್ರೈವರ್ ಸಂಬಳ, ಎಂಜಿನ್ ಖರ್ಚು ಅದರಲ್ಲಿ ಸೇರಿಲ್ಲ, ಆದರೂ ತಂಡ ನಡೆಸುವುದು ದುಡ್ಡು ಸುಡುವ ಕೆಲಸವಾಗಿ ಉಳಿಯಲಿಲ್ಲ. ರೆನೋ ಎಂಜಿನ್ ನಿಲ್ಲಿಸಿದರೂ ಅದರ ಆಲ್ಪೀನ್ ತಂಡ ಮರ್ಸಿಡಿಸ್ ಎಂಜಿನ್ ಹಾಕಿಕೊಂಡು ಉಳಿದಿದೆ, ನೋಡಿ.

ಹೋಂಡಾ ಕಥೆ ಅಲ್ಲಿಗೇ ಮುಗಿಯಲಿಲ್ಲ. 2015ಕ್ಕೆ ಎಂಜಿನ್ ಕೊಡಲು ಮತ್ತೆ ಬಂದರು. 2020ರ ಅಕ್ಟೋಬರ್‌ನಲ್ಲಿ ಮತ್ತೆ ಹೋಗುತ್ತೇವೆ ಎಂದರು, ಹೊರಡುವ ವರ್ಷವೇ, 2021ರಲ್ಲಿ, ರೆಡ್ ಬುಲ್ ಡ್ರೈವರ್ ವೆರ್ಸ್ಟಾಪನ್ ಜೊತೆ ಚಾಂಪಿಯನ್ ಆದರು. 2026ಕ್ಕೆ ಆಸ್ಟನ್ ಮಾರ್ಟಿನ್ ಜೊತೆ ಮತ್ತೊಮ್ಮೆ ಬರುವ ನಿರ್ಧಾರ ಮಾಡಿದರು. ಆಸ್ಟನ್ ಮಾರ್ಟಿನ್ ಒಂದು ಕಾಲಕ್ಕೆ ವಿಜಯ್ ಮಲ್ಯರ ಫೋರ್ಸ್ ಇಂಡಿಯಾ ಆಗಿದ್ದ ತಂಡ.

ಇನ್ನು ಔಡಿ. ಅವರು ಕೊಂಡಿರುವುದು ಬಿಎಂಡಬ್ಲ್ಯು ಬಿಟ್ಟುಹೋದ ಅದೇ ಹಿನ್‌ವಿಲ್ ತಂಡವನ್ನು. ಹಳೆಯ ದಾಖಲೆ ನೋಡಿದರೆ: 24 ಗಂಟೆಗಳ ಲೆ ಮಾನ್ಸ್ ರೇಸ್ 13 ಸಲ ಗೆದ್ದರು, 2016ಕ್ಕೆ ಬಿಟ್ಟರು. ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ 2021ಕ್ಕೆ ಬಿಟ್ಟರು. 2024ರ ಜನವರಿಯಲ್ಲಿ ಮರುಭೂಮಿಯ ಡಕಾರ್ ರ‍್ಯಾಲಿ ಗೆದ್ದರು, ಅದನ್ನೂ ಬಿಟ್ಟರು. ಇವರು ಗೆದ್ದ ಮೇಲೂ ಹೋಗುವ ಜನ. ಇರುವಷ್ಟು ದಿನ ಕಾರು ಚೆನ್ನಾಗಿಯೇ ಮಾಡುತ್ತಾರೆ, ಕೂತು ನೋಡಿ. ಟೀಶರ್ಟ್ ತಗೊಳ್ಳೋದಾದರೆ ಮಾತ್ರ ಡ್ರೈವರ್ ಹೆಸರಿರುವುದನ್ನು ತಗೊಳ್ಳಿ.